ಮೂಗಿಗೆ ತುಪ್ಪ

ಮಾರ್ಚ್ ೩, ಸೋಮವಾರ

‘ಮನಸ್ಸಿದ್ರೆ ಕೊಡಿ’ ಅಂದನೋ, ‘ಮನಸ್ಸಿದ್ದೋರು ಕೊಡ್ತಾರೆ’ ಅಂದನೋ. ಬಾಗಿಲು ಮುಚ್ಚಿದ ಮೇಲೆ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಮೊದಲನೆಯದಾದರೆ ಕೋರಿಕೆ. ಎರಡನೆಯದಾದರೆ ತೀರ್ಪು. ಮಧ್ಯಾಹ್ನದ ಊಟ ತಂದವನಿಂದ ತೀರ್ಪು ಕೇಳಿಸಿಕೊಳ್ಳುವ ಸ್ಥಿತಿಗೆ ಬಂದಿದ್ದೇನೆ.

ಗಡ್ಡದವನು, ನಲವತ್ತರ ಆಸುಪಾಸು. ನಾಲ್ಕು ಮಹಡಿ ಹತ್ತಿ ಬಂದು ಗೋಡೆಗೆ ಅಂಗೈ ಊರಿ ನಿಂತಿದ್ದ. ‘ಲಿಫ್ಟ್ ಕೆಟ್ಟೋಗಿದೆಯಾ ಸಾರ್?’ ಎಂದ. ಕೆಟ್ಟಿಲ್ಲ, ಮುಚ್ಚಿಸಿದ್ದಾರೆ ಎಂದೆ. ಯಾರು ಮುಚ್ಚಿಸಿದ್ದು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಚ್ಚಿಸಿದ್ದು ನಾನೇ. ಇಪ್ಪತ್ತಾರು ವರ್ಷಗಳಿಂದ ಲಿಫ್ಟುಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಜನವರಿಯಲ್ಲಿ ನಮ್ಮದೇ ಕಟ್ಟಡದ ಲಿಫ್ಟಿನ ಸದ್ದು ಸರಿಬರದೆ ಮೇಲೆ ಹೋಗಿ ನೋಡಿದೆ. ನಾಲ್ಕು ತಂತಿಹಗ್ಗಗಳಲ್ಲಿ ಒಂದರ ಎಳೆಗಳು ಮುಳ್ಳುಹಂದಿಯ ಬೆನ್ನಿನ ಹಾಗೆ ಎದ್ದಿದ್ದವು. ಕೆಂಪು ಚೀಟಿ ಅಂಟಿಸಿ ಸಹಿ ಹಾಕಿದೆ. ಹದಿಮೂರನೇ ದಿನ ಮೆಟ್ಟಿಲಲ್ಲಿ ಜಾರಿ ಬಲಗಾಲಿನ ಮೂಳೆ ಮುರಿದುಕೊಂಡೆ. ಮಾಡಿದ್ದುಣ್ಣೋ ಮಹಾರಾಯ ಎಂದು ಇಡೀ ಕಟ್ಟಡ ಹಲ್ಲು ಕಾಣದಂತೆ ನಗುತ್ತಿದೆ.

ಈಗ ಮೆಟ್ಟಿಲು ಇಳಿಯುವಂತಿಲ್ಲ. ಒಬ್ಬನೇ ಇರುವವನು. ಒಂಟಿಕಾಲಲ್ಲಿ ಒಲೆಯ ಮುಂದೆ ಹತ್ತು ನಿಮಿಷ ನಿಲ್ಲಲಾರೆ. ಹಾಗಾಗಿ ಫೋನು, ಫೋನಿನಲ್ಲಿ ಊಟ, ಊಟದ ಕೆಳಗೆ ಆ ಸಾಲು: ‘ನಿಮ್ಮ ಊಟ ತರುವವರಿಗೆ ಮೆಚ್ಚುಗೆ ತೋರಿಸಿ.’ ಪಕ್ಕದಲ್ಲೊಂದು ಪುಟ್ಟ ಕೆಂಪು ಹೃದಯ.

ತೋರಿಸುವುದಿಲ್ಲ. ಕೂಲಿ ಕೊಡಬೇಕಾದವನು ಹೃದಯದ ಚಿತ್ರ ಬರೆದು ನನ್ನ ಕಡೆ ಬೆರಳು ಮಾಡುತ್ತಾನೆ. ನಾನು ಟಿಪ್ಸ್ ಕೊಟ್ಟಷ್ಟೂ ಅವನು ಕೂಲಿಯನ್ನು ಅಷ್ಟಷ್ಟೇ ಇಳಿಸುತ್ತಾನೆ. ಹಗ್ಗ ಸವೆದಿದ್ದರೆ ಹಗ್ಗ ಬದಲಾಯಿಸಬೇಕು, ಹತ್ತುವವರ ಹತ್ತಿರ ದಾರದುಂಡೆ ಕೇಳಬಾರದು.

ಮಾರ್ಚ್ ೫, ಬುಧವಾರ

ಅಕ್ಕ ಫೋನು ಮಾಡಿದ್ದಳು. ದಿನಾ ಮಾಡುತ್ತಾಳೆ, ಕಾಲು ಹೇಗಿದೆ ಎಂದು ಕೇಳಿ ಉತ್ತರಕ್ಕೆ ಕಾಯುವುದಿಲ್ಲ.

‘ಪಾಪ, ಅಷ್ಟೆತ್ತರ ಹತ್ತಿ ಬರ್ತಾರೆ. ಏನಾದ್ರೂ ಕೊಡ್ತೀಯಾ ತಾನೆ?’

ತತ್ವ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು. ಅದೇ ಅನುಮಾನಕ್ಕೆ ಕಾರಣ.

‘ನೀನು ಕೊಡದೆ ಇದ್ರೆ ಕಂಪನಿ ಯಜಮಾನ ನಿದ್ದೆ ಬಿಟ್ಟು ಹೊರಳಾಡ್ತಾನಾ?’

‘ಪ್ರಶ್ನೆ ಅದಲ್ಲ ಅಕ್ಕ.’

‘ಆಡು ಮುಟ್ಟದ ಸೊಪ್ಪಿಲ್ಲ, ನೀನು ಜಗಳ ಆಡದ ವಿಷಯ ಇಲ್ಲ. ಚಿಕ್ಕವನಿದ್ದಾಗ ಐಸ್ ಮಾರೋನ ಜೊತೆ ಕಡ್ಡಿಯ ಅಳತೆಗೆ ಜಗಳ ಆಡಿದೋನು ನೀನು.’

ಕಡ್ಡಿ ನಿಜವಾಗಿಯೂ ಗಿಡ್ಡವಾಗಿತ್ತು. ಈಗಲೂ ಹೇಳುತ್ತೇನೆ.

ಮಾರ್ಚ್ ೮, ಶನಿವಾರ

ಹನ್ನೆರಡೂವರೆಗೆ ಹೇಳಿದ ಊಟ ಮೂರಕ್ಕೆ ಬಂತು. ಅಷ್ಟರಲ್ಲಿ ‘ಊಟ ತರುವವರು ಬದಲಾಗಿದ್ದಾರೆ’ ಎಂದು ಐದು ಸಲ ಫೋನು ಕುಣಿಯಿತು. ಐದನೆಯವನಿಗೆ ನಾನೇ ಕರೆ ಮಾಡಿ ಕೂಗಾಡಿದೆ. ಅವನು ಸಿಟ್ಟಾಗಲಿಲ್ಲ. ಅದರಿಂದ ನನ್ನ ಸಿಟ್ಟು ಇನ್ನೂ ಏರಿತು.

‘ಟಿಪ್ಸ್ ಎಷ್ಟು ಅಂತ ನಮಗೆ ಮೊದಲೇ ಕಾಣ್ಸತ್ತೆ ಸಾರ್. ನಿಮ್ದು ಸೊನ್ನೆ. ಸೊನ್ನೆ ಇಟ್ಕೊಂಡು ನಾಲ್ಕನೇ ಮಹಡಿ ಯಾರು ಹತ್ತುತ್ತಾರೆ, ಹೇಳಿ?’

ಅಂದರೆ ಇದು ಮೆಚ್ಚುಗೆಯಲ್ಲ, ಹರಾಜು. ಹೃದಯ ಯಾಕೆ ಬರೆದರು ಹಾಗಾದರೆ? ತಕ್ಕಡಿ ಬರೆಯಬೇಕಿತ್ತು.

ತಣ್ಣಗಾದದ್ದನ್ನು ತಿಂದೆ. ಮುಖದ ಮೇಲೆ ಸಿಟ್ಟು ಇಟ್ಟುಕೊಂಡು ಅಗಿಯುವುದು ಸುಲಭವಲ್ಲ, ದವಡೆ ನೋಯುತ್ತದೆ.

ಮಾರ್ಚ್ ೯, ಭಾನುವಾರ

ಕಂಡುಹಿಡಿದೆ. ಊಟ ಬಂದ ಮೇಲೆ ಒಂದು ಗಂಟೆಯವರೆಗೆ ಟಿಪ್ಸನ್ನು ಏರಿಸಬಹುದು, ಇಳಿಸಬಹುದು. ಕಂಪನಿಯೇ ಕೊಟ್ಟಿರುವ ಅವಕಾಶ. ಐವತ್ತು ಎಂದು ಹಾಕಿದೆ. ಇಪ್ಪತ್ತೆರಡು ನಿಮಿಷದಲ್ಲಿ ಬಿಸಿಬಿಸಿ ಊಟ ಬಾಗಿಲಿಗೆ ಬಂತು. ತಂದವನು ಇಳಿದುಹೋದ ಮೇಲೆ ಸೊನ್ನೆ ಮಾಡಿದೆ. ‘ಬದಲಾವಣೆ ಯಶಸ್ವಿ’ ಎಂದು ಬಂತು. ಹೌದು, ಯಶಸ್ವಿ.

ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ. ಇಪ್ಪತ್ತಾರು ವರ್ಷ ಗುತ್ತಿಗೆದಾರರ ಜೊತೆ ಕೆಲಸ ಮಾಡಿದವನಿಗೆ ಈ ಪಾಠ ಹೊಸದಲ್ಲ.

ಮಾರ್ಚ್ ೧೩, ಗುರುವಾರ

ಇವತ್ತು ಬಂದವಳು ಹೆಂಗಸು. ಐವತ್ತಾಗಿರಬೇಕು. ಹೆಜ್ಜೆಯ ಸದ್ದಿನಿಂದಲೇ ಬೇರೆ ಎಂದು ತಿಳಿಯಿತು. ಗಡ್ಡದವನು ಎರಡೆರಡು ಮೆಟ್ಟಿಲು ಹಾರುತ್ತಾನೆ. ಇವಳದು ಒಂದೇ ಕಾಲು ಮುಂದೆ, ಇನ್ನೊಂದು ಅದರ ಜೊತೆ ಸೇರಿಕೊಳ್ಳುತ್ತದೆ. ಮೂರನೇ ಮಹಡಿಯ ತಿರುವಿನಲ್ಲಿ ನಿಂತಳು. ಅಲ್ಲಿ ಗೋಡೆಗೆ ಒಂದು ಕಿಂಡಿಯಿದೆ, ಗಾಳಿ ಬರುತ್ತದೆ. ಅಷ್ಟು ಹೊತ್ತು ಯಾಕೆ ನಿಲ್ಲಬೇಕು, ಊಟ ಆರುವುದಿಲ್ಲವೇ ಎಂದುಕೊಳ್ಳುವಷ್ಟು ಹೊತ್ತು ನಿಂತಳು.

ಕನ್ನಡಕಕ್ಕೆ ದಾರ, ಕಂಕುಳಲ್ಲಿ ಹೆಲ್ಮೆಟ್ಟು. ‘ಅಬ್ಬ, ಇಲ್ಲಿಂದ ಆಕಾಶಕ್ಕೆ ಇನ್ನೊಂದೇ ಮಹಡಿ ಅಲ್ವಾ ಸಾರ್?’ ಎಂದು ನಕ್ಕಳು. ನಾನು ನಗಲಿಲ್ಲ. ನನ್ನ ಕಾಲಿನ ಪ್ಲಾಸ್ಟರು ನೋಡಿದಳು, ಬಾಗಿಲ ಬದಿಯ ಕಸದ ಚೀಲ ನೋಡಿದಳು. ಮೂರು ದಿನದ್ದು.

‘ಇದನ್ನ ಕೆಳಗೆ ಹಾಕ್ಲಾ? ಹೇಗೂ ಇಳೀತೀನಲ್ಲ.’

ಬೇಡ ಎನ್ನುವಷ್ಟರಲ್ಲಿ ಎತ್ತಿಕೊಂಡಾಗಿತ್ತು.

ಹತ್ತು ನಿಮಿಷದ ಮೇಲೆ ಐವತ್ತನ್ನು ಸೊನ್ನೆ ಮಾಡಿದೆ. ನಿಯಮ ಎಂದಮೇಲೆ ಎಲ್ಲರಿಗೂ ಒಂದೇ. ಕಸದ ಚೀಲ ಒಯ್ಯಿರಿ ಎಂದು ನಾನು ಕೇಳಿರಲಿಲ್ಲ. ಕೇಳದೆ ಮಾಡಿದ ಉಪಕಾರವೂ ಒಂದು ಬಗೆಯ ವಸೂಲಿಯೇ.

ಮಾರ್ಚ್ ೧೪, ಶುಕ್ರವಾರ

ಪ್ಲಾಸ್ಟರಿನ ಒಳಗೆ ಕಡಿತ. ಕೈ ತಲುಪುವುದಿಲ್ಲ.

ಮಾರ್ಚ್ ೧೮, ಮಂಗಳವಾರ

ಅದೇ ಹೆಂಗಸು. ಮೊದಲ ಮಹಡಿಯಲ್ಲಿರುವಾಗಲೇ ಗೊತ್ತಾಯಿತು. ಬಾಗಿಲು ತೆಗೆದಾಗ ಪೊಟ್ಟಣ ಕೊಡದೆ ಎದೆಗೆ ಒತ್ತಿ ಹಿಡಿದು ನಿಂತಳು.

‘ತುಪ್ಪಣ್ಣ ಅಂದ್ರೆ ನೀವೇ ಅಲ್ವಾ?’

ಯಾವ ತುಪ್ಪಣ್ಣ ಎಂದೆ.

‘ನಮ್ಮವರ ಗ್ರೂಪಲ್ಲಿ ನಿಮಗಿಟ್ಟಿರೋ ಹೆಸರು. ಮೂಗಿಗೆ ತುಪ್ಪ ಸವರೋರು ಅಂತ. ಐವತ್ತು ತೋರ್ಸ್ತೀರಿ, ನಾವು ಗೇಟು ದಾಟೋಷ್ಟ್ರಲ್ಲಿ ಒರೆಸ್ತೀರಿ. ವಾಸನೆ ಮಾತ್ರ ನಮಗೆ.’

ಕಿವಿ ಬಿಸಿಯಾಯಿತು. ಊರುಗೋಲು ಊರಿ ನೆಟ್ಟಗೆ ನಿಂತು ಎಲ್ಲವನ್ನೂ ಹೇಳಿದೆ. ಕೂಲಿ ಕೊಡುವುದು ಕಂಪನಿಯ ಹೊಣೆ, ಈ ಭಿಕ್ಷೆಯ ಏರ್ಪಾಟು ನಿಮ್ಮ ಮರ್ಯಾದೆಗೇ ಕಡಿಮೆ, ಎಲ್ಲರೂ ಕೊಡುವುದು ನಿಲ್ಲಿಸಿದರೆ ಅವರು ದಾರಿಗೆ ಬರುತ್ತಾರೆ. ತಡೆಯದೆ ಕೇಳಿದಳು.

‘ಸರಿಯಾಗೇ ಹೇಳಿದ್ರಿ ಸಾರ್. ಕಂಪನಿನೇ ಕೊಡ್ಬೇಕು. ಆದ್ರೆ ನಿಮ್ಮ ಸಿಟ್ಟಿಗೂ ಕಾಲು ಮುರಿದಿದೆ. ಮೆಟ್ಟಿಲು ಇಳಿದು ಕಂಪನಿ ತನಕ ಹೋಗಲ್ಲ ಅದು. ಇಲ್ಲೇ ಬಾಗಿಲಲ್ಲಿ ನಿಂತೋರ ಮೇಲೆ ಬೀಳುತ್ತೆ.’

‘ನಾನು ಯಾರ ಮೇಲೂ...’

‘ಕೊಡಲ್ಲ ಅಂದ್ರೆ ಸೊನ್ನೆ ಹಾಕಿ. ಸೊನ್ನೆಗೂ ಬರೋರು ಬರ್ತಾರೆ, ಲೇಟಾಗತ್ತೆ ಅಷ್ಟೆ. ತೋರ್ಸಿ ಕಿತ್ಕೋಬೇಡಿ. ಅದು ಮಕ್ಕಳ ಜೊತೆ ಆಡೋ ಆಟ, ಅವೂ ಅಳ್ತವೆ.’

‘ಇಷ್ಟೆಲ್ಲ ಗೊತ್ತಿದ್ದೂ ಮತ್ತೆ ಯಾಕೆ ಬಂದ್ರಿ?’

‘ಈ ಹೊತ್ತಲ್ಲಿ ಬೇರೆ ಆರ್ಡರ್ ಇರ್ಲಿಲ್ಲ,’ ಎಂದು ಪೊಟ್ಟಣ ಕೈಗಿಟ್ಟಳು. ‘ನಿಮ್ಮನ್ನ ನೋಡೋಣ ಅಂತ ಬಂದೆ ಅಂದ್ಕೊಂಡ್ರಾ?’

ಕಸದ ಚೀಲ ಅಲ್ಲೇ ಇತ್ತು. ನೋಡಿದಳು, ದಾಟಿ ಹೋದಳು.

ಒಂದು ಗಂಟೆ ಮುಗಿಯುವವರೆಗೆ ಫೋನು ಮುಟ್ಟಲಿಲ್ಲ. ಸಿಟ್ಟಿನಿಂದ. ಗಂಟೆ ಮುಗಿದ ಮೇಲೆ ಬದಲಾಯಿಸುವಂತಿರಲಿಲ್ಲ, ಐವತ್ತು ಹಾಗೇ ಹೋಯಿತು. ಹೋಗಲಿ.

ತುಪ್ಪಣ್ಣ!

ಮಾರ್ಚ್ ೨೦, ಗುರುವಾರ

ಕಟ್ಟಡದ ಸಂಘದ ಕಾರ್ಯದರ್ಶಿ ಬಂದಿದ್ದರು. ಎರಡನೇ ಮಹಡಿಯವರು, ಹಲ್ಲಿನ ಡಾಕ್ಟರು. ಹೊಸ ಹಗ್ಗ ಬರಲು ಇನ್ನೂ ಒಂದು ತಿಂಗಳಂತೆ. ಅಲ್ಲಿಯವರೆಗೆ ‘ತಾತ್ಕಾಲಿಕ ಅನುಮತಿ’ ಎಂಬ ಕಾಗದಕ್ಕೆ ನನ್ನ ಸಹಿ ಬೇಕಂತೆ. ನಾಲ್ಕನೇ ಸಲ ಬರುತ್ತಿದ್ದಾರೆ.

‘ಒಂದೇ ಒಂದು ಸಹಿ ಇನ್ಸ್‌ಪೆಕ್ಟ್ರೇ. ನೋವಾಗಲ್ಲ.’

ಈ ಮಾತನ್ನು ಎಷ್ಟು ಜನರ ಬಾಯಿ ತೆರೆಸಿ ಹೇಳಿರಬೇಡ ಈ ಮನುಷ್ಯ. ಮೂರು ಸಲ ಬೈದು ಕಳಿಸಿದ್ದೆ. ಇವತ್ತು ಕಾಗದ ಇಟ್ಟು ಹೋಗಿ ಎಂದೆ.

ಆಮೇಲೆ ಕುಳಿತು ಲೆಕ್ಕ ಹಾಕಿದೆ. ಹಗ್ಗ ನಾಲ್ಕು, ಕೆಟ್ಟದ್ದು ಒಂದು. ಒಬ್ಬರ ಭಾರಕ್ಕೆ ಉಳಿದ ಮೂರು ಧಾರಾಳ. ಒಬ್ಬರೇ, ಸಾಮಾನು ತರುವವರು ಮಾತ್ರ, ಒಂದು ತಿಂಗಳು. ವಯಸ್ಸಾದವರು ಮೆಟ್ಟಿಲು ಹತ್ತುವುದೂ ಅಪಾಯವೇ. ಊಟ ತರುವ ಆ ಹೆಂಗಸಿನ ಬಲಮಂಡಿ ಬಗ್ಗುವುದಿಲ್ಲ, ನಾನು ಕೇಳಿದ್ದೇನೆ, ಮಂಡಿ ಬಗ್ಗದ ಹೆಜ್ಜೆಗೆ ಬೇರೆಯೇ ಸದ್ದು. ಲಿಫ್ಟ್ ಓಡಿದರೆ ಯಾರೂ ಏದುಸಿರು ಬಿಡುತ್ತ ನನ್ನ ಬಾಗಿಲಲ್ಲಿ ನಿಲ್ಲುವುದಿಲ್ಲ. ಏದುಸಿರೇ ಇಲ್ಲದಿದ್ದರೆ ಟಿಪ್ಸಿನ ಪ್ರಶ್ನೆ ಏಳುವುದೇ ಇಲ್ಲ. ಎಲ್ಲ ಕಡೆಯಿಂದಲೂ ಸರಿಹೋಗುತ್ತದೆ.

ಸಹಿ ಹಾಕಿದೆ. ನೋವಾಗಲಿಲ್ಲ.

ಮಾರ್ಚ್ ೨೧, ಶುಕ್ರವಾರ

ವಿಳಾಸದ ಕೆಳಗೆ ‘ಲಿಫ್ಟ್ ಇದೆ’ ಎಂದು ಬರೆದೆ. ಟಿಪ್ಸ್: ಸೊನ್ನೆ, ಪ್ರಾಮಾಣಿಕವಾಗಿ, ಮೊದಲಿನಿಂದಲೇ. ಗಡ್ಡದವನು ಬಂದ. ಬೆವರಿರಲಿಲ್ಲ. ‘ಸುಖ ಆಯ್ತು ಸಾರ್’ ಎಂದ. ಮುಗಿಯಿತಲ್ಲ.

ಮಾರ್ಚ್ ೨೩, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಪ್ಲಾಸ್ಟರಿನ ಹಿಮ್ಮಡಿ ಒಡೆದಿದೆ.

ನಿನ್ನೆ ಮಧ್ಯಾಹ್ನ ಒಂದೂ ಕಾಲರ ಹೊತ್ತಿಗೆ ಲಿಫ್ಟ್ ಹೊರಟ ಸದ್ದು ಕೇಳಿಸಿತು. ಎರಡು ದಾಟಿತು, ಮೂರು ದಾಟಿತು. ಆಮೇಲೆ ಮೇಲಿನಿಂದ ಒಂದು ಕಿರುಚು, ಹಲ್ಲುಕಚ್ಚಿದ ಹಾಗೆ ಒಂದು ಸದ್ದು, ಮೌನ. ಎದ್ದು ನಿಲ್ಲುವ ಮೊದಲೇ ನನಗೆ ಗೊತ್ತಾಯಿತು. ಕೆಟ್ಟ ಹಗ್ಗದ ಎದ್ದ ಎಳೆ, ಹಗ್ಗ ಹಾಯುವ ಗಾಲಿಯ ಕವಚಕ್ಕೆ ಸಿಕ್ಕಿಕೊಂಡಿದೆ. ಭಾರದ ಲೆಕ್ಕ ಹಾಕಿದ್ದೆ, ಮುಳ್ಳಿನ ಲೆಕ್ಕ ಹಾಕಿರಲಿಲ್ಲ. ಮೊದಲ ವರ್ಷ ಕೆಲಸ ಕಲಿಯುವವನೂ ಮಾಡದ ತಪ್ಪು.

ಲಿಫ್ಟಿನ ಬಾಗಿಲಿಗೆ ಬಾಯಿ ಹಚ್ಚಿ ಕೂಗಿದೆ, ‘ಯಾರಿದ್ದೀರಿ ಒಳಗೆ?’

‘ಊಟ ಸಾರ್,’ ಎಂಬ ಉತ್ತರ ಕೆಳಗಿನಿಂದ ಬಂತು. ‘ನಿಮ್ಮ ಊಟ ಇಲ್ಲಿದೆ. ಜೊತೆಗೆ ನಾನೂ ಇದ್ದೀನಿ.’

ಆಕೆಯೇ.

ಮೊದಲು ಮೇಲೆ ಹೋಗಿ ವಿದ್ಯುತ್ತು ಕಡಿಯಬೇಕು. ಯಂತ್ರದ ಕೋಣೆ ತಾರಸಿಯಲ್ಲಿ, ಹದಿನೆಂಟು ಮೆಟ್ಟಿಲು. ಕುಳಿತುಕೊಂಡು, ಹಿಂದುಮುಂದಾಗಿ, ಒಂದೊಂದೇ ಮೆಟ್ಟಿಲಿಗೆ ಮೈಯನ್ನು ಎತ್ತಿ ಇಟ್ಟುಕೊಳ್ಳುತ್ತ ಹತ್ತಿದೆ. ಹತ್ತನೆಯದರಲ್ಲಿ ನಿಲ್ಲಬೇಕಾಯಿತು. ಅಲ್ಲಿ ಕಿಂಡಿಯಿಲ್ಲ, ಗಾಳಿಯಿಲ್ಲ. ಸ್ವಿಚ್ಚು ಕೆಳಗೆಳೆದು ಅದೇ ರೀತಿ ಇಳಿದೆ. ಅಷ್ಟರಲ್ಲಿ ಡಾಕ್ಟರು ಓಡಿಬಂದಿದ್ದರು, ‘ಏನಾಯ್ತು, ಏನಾಯ್ತು’ ಎನ್ನುತ್ತ, ಏನಾಯಿತೆಂದು ಚೆನ್ನಾಗಿ ಗೊತ್ತಿದ್ದೂ.

ನನ್ನ ಕೀಲಿಯಿಂದ ಹೊರಬಾಗಿಲು ತೆರೆದೆ. ಲಿಫ್ಟು ನಮ್ಮ ನೆಲಕ್ಕಿಂತ ನಾಲ್ಕಡಿ ಕೆಳಗೆ ನಿಂತಿತ್ತು. ನೆಲಕ್ಕಿಂತ ಮೇಲೆ ನಿಂತಿದ್ದರೆ ಇಳಿಯುವವರು ಅದರ ಕೆಳಗೆ ಬಾಯಿ ತೆರೆದ ಗುಂಡಿಗೆ ಬೀಳುವ ಭಯ. ಇದು ಪರವಾಗಿಲ್ಲ. ಆಕೆ ನೆಲದ ಮೇಲೆ ಕುಳಿತು ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಫೋನು ಒಂದೇ ಸಮನೆ ಚಿಲಿಪಿಲಿಗುಟ್ಟುತ್ತಿತ್ತು.

‘ತಡ ಆಯ್ತು ಅಂತ ಕಿರುಚ್ತಿದೆ,’ ಎಂದರು. ‘ಇನ್ನೊಂದು ಮನೆಯವರ ಊಟನೂ ಇದೆ ಇದ್ರಲ್ಲಿ.’ ಆಮೇಲೆ ದನಿ ಇಳಿಸಿ, ‘ಇದು ಬೀಳತ್ತಾ ಸಾರ್?’

‘ಇಲ್ಲ. ಮೂರು ಹಗ್ಗ ಗಟ್ಟಿಯಾಗಿವೆ.’

‘ನಿಮಗೆ ಹೇಗೆ ಗೊತ್ತು?’

‘ನನ್ನ ಕೆಲಸ ಅದೇ. ಲಿಫ್ಟ್ ತಪಾಸಣೆ.’

ತಲೆಯೆತ್ತಿ ನೋಡಿದರು. ದಾರದ ಕನ್ನಡಕ ಮೂಗಿನ ತುದಿಗೆ ಬಂದಿತ್ತು.

‘ಕೆಳಗೆ ಬಾಗಿಲಿಗೆ ಅಂಟಿಸಿರೋ ಕಾಗದ? ಓಡಿಸಬಹುದು ಅಂತ ಸಹಿ ಇದೆಯಲ್ಲ?’

‘ನನ್ನದು.’

‘ಅದನ್ನ ನೋಡಿನೇ ಹತ್ತಿದ್ದು ನಾನು. ಸೀಲು ಗೀಲು ಎಲ್ಲ ಇತ್ತು.’ ಕನ್ನಡಕವನ್ನು ಬೆರಳಿಂದ ಮೇಲಕ್ಕೆ ಒತ್ತಿಕೊಂಡರು. ‘ಇದೂ ತುಪ್ಪಾನೇ ಅನ್ನಿ.’

ನನ್ನ ಸ್ನಾನದ ಸ್ಟೂಲನ್ನು ಡಾಕ್ಟರು ಒಳಗಿಳಿಸಿದರು. ಆಕೆ ಅದರ ಮೇಲೆ ಹತ್ತಿ ನಿಂತರು, ಬಲಮಂಡಿ ಬಗ್ಗಲಿಲ್ಲ, ಡಾಕ್ಟರು ಒಂದು ಕೈ, ನಾನು ನೆಲಕ್ಕೆ ಮಲಗಿ ಒಂದು ಕೈ. ಮೇಲೆ ಬಂದು ಗೋಡೆಗೊರಗಿ ಕುಳಿತರು. ಮೊದಲು ಮಾಡಿದ ಕೆಲಸವೆಂದರೆ ಚೀಲ ತೆರೆದು ನನ್ನ ಪೊಟ್ಟಣ ತೆಗೆದು ಕೊಟ್ಟದ್ದು. ಒಂದು ಹನಿ ಚೆಲ್ಲಿರಲಿಲ್ಲ.

ಜೇಬಿಗೆ ಕೈಹಾಕಿ ಸಿಕ್ಕ ನೋಟುಗಳನ್ನೆಲ್ಲ ಚಾಚಿದೆ. ತೆಗೆದುಕೊಳ್ಳಲಿಲ್ಲ. ನೋಡಿದರು.

‘ಇದು ಊಟಕ್ಕಾ, ಲಿಫ್ಟಿಗಾ?’

ನೋಟುಗಳನ್ನು ಇನ್ನೊಂದಿಷ್ಟು ಮುಂದೆ ಚಾಚಿದೆ.

‘ಊಟಕ್ಕಾದ್ರೆ ಜಾಸ್ತಿ ಆಯ್ತು ಸಾರ್. ಲಿಫ್ಟಿಗಾದ್ರೆ ಕಮ್ಮಿ ಆಯ್ತು.’

ಆಮೇಲೆ ಅದರಲ್ಲಿ ಒಂದೇ ಒಂದು ಐವತ್ತನ್ನು ಬೆರಳ ತುದಿಯಿಂದ ಎಳೆದುಕೊಂಡರು. ‘ಇದು ಕಸದ ಚೀಲದ ದಿನದ್ದು. ತೋರ್ಸಿದ್ರಲ್ಲ, ಅದು.’ ಉಳಿದದ್ದು ನನ್ನ ಕೈಯಲ್ಲೇ ಉಳಿಯಿತು.

ಮೆಟ್ಟಿಲಲ್ಲೇ ಇಳಿದುಹೋದರು. ಒಂದು ಹೆಜ್ಜೆ, ಅದರ ಜೊತೆ ಇನ್ನೊಂದು. ಇಳಿಯುವಾಗಲೂ ಮೂರನೇ ಮಹಡಿಯಲ್ಲಿ ನಿಂತರು. ಡಾಕ್ಟರು ‘ಸದ್ಯ, ಏನೂ ಆಗಲಿಲ್ಲ’ ಎಂದರು. ಅವರ ಕಾಗದವನ್ನು ತರಿಸಿ ಅವರ ಎದುರೇ ಹರಿದೆ. ‘ಏನೂ ಆಗಲಿಲ್ಲ’ ಎನ್ನುವ ಬಾಯಿಯ ಹಲ್ಲು ಯಾರು ಕೀಳಬೇಕು?

ಮಾರ್ಚ್ ೨೬, ಬುಧವಾರ

ಕಚೇರಿಗೆ ವರದಿ ಬರೆದೆ. ಯಾರ ಸಹಿ, ಯಾವ ತಪ್ಪು, ಎರಡೂ ಕಾಲಂ ತುಂಬಿದೆ. ಇನ್ನೊಬ್ಬರ ಹೆಸರು ಬರೆದು ಅಭ್ಯಾಸವಾದ ಜಾಗದಲ್ಲಿ ನನ್ನದೇ ಬರೆಯುವಾಗ ಪೆನ್ನು ಮಸಿ ಕೊಡುತ್ತಿಲ್ಲವೇನೋ ಎಂದು ಎರಡು ಸಲ ಕೊಡವಿದೆ. ಮೇಲಧಿಕಾರಿ ಫೋನು ಮಾಡಿ, ‘ಯಾರೂ ದೂರು ಕೊಟ್ಟಿಲ್ವಲ್ಲ, ನೀವ್ಯಾಕ್ರೀ ಮೈಮೇಲೆ ಎಳ್ಕೋತೀರಿ?’ ಎಂದರು. ಕೆಂಪು ಚೀಟಿ ಮತ್ತೆ ಬಿದ್ದಿದೆ.

ಗಡ್ಡದವನು ಇವತ್ತು ಮೆಟ್ಟಿಲು ಹತ್ತಿ ಬಂದ. ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಆಕೆಯ ಬಗ್ಗೆ ಕೇಳಿದೆ.

‘ಅಕ್ಕನ ಐಡಿ ನಿಲ್ಲಿಸಿದ್ದಾರೆ ಸಾರ್. ಅವತ್ತು ಎರಡು ಆರ್ಡರ್ ತಡ ಆಯ್ತಲ್ಲ. ಐಡಿ ಇಲ್ಲ ಅಂದ್ರೆ ಕೆಲಸ ಇಲ್ಲ.’

‘ಲಿಫ್ಟಲ್ಲಿ ಸಿಕ್ಕಿಕೊಂಡಿದ್ದು ಅಂತ ಹೇಳಲಿಲ್ವಾ?’

‘ಯಾರಿಗೆ ಹೇಳೋದು? ಅಲ್ಲಿ ಮನುಷ್ಯರು ಎಲ್ಲಿದ್ದಾರೆ?’

ಕಂಪನಿಗೆ ಬರೆದೆ. ಅರ್ಧ ನಿಮಿಷದಲ್ಲಿ ಉತ್ತರ: ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.’ ಪಕ್ಕದಲ್ಲಿ ಅದೇ ಹೃದಯ. ಮತ್ತೆ ಬರೆದೆ. ಮತ್ತೆ ಹೃದಯ. ಫೋನನ್ನು ಗೋಡೆಗೆ ಎಸೆದೆ, ದಿಂಬಿಗೆ ತಾಗಿ ಬಿತ್ತು, ಎಸೆಯುವುದಕ್ಕೂ ಎರಡು ಕಾಲು ಬೇಕು. ಐದನೇ ಸಲ ಇಲಾಖೆಯ ಕಾಗದದಲ್ಲಿ ಬರೆದೆ: ಆ ದಿನದ ವಿಳಂಬಕ್ಕೆ ಕಾರಣ ನನ್ನ ಸಹಿ, ವರದಿಯ ಸಂಖ್ಯೆ ಇದು, ಊಟ ತಂದವರ ತಪ್ಪು ಎಳ್ಳಷ್ಟೂ ಇಲ್ಲ. ರಿಜಿಸ್ಟರ್ಡ್ ಅಂಚೆಗೆ ಹಾಕಲು ಗಡ್ಡದವನ ಕೈಗೇ ಕೊಟ್ಟೆ.

ಮಾರ್ಚ್ ೩೧, ಸೋಮವಾರ

ಅಕ್ಕನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ‘ಊಟ ಮಾಡಿದ್ಯೇನೋ?’ ಎಂದಳು. ಸಿಟ್ಟು ಬಂತು.

ಏಪ್ರಿಲ್ ೨, ಬುಧವಾರ

ಸ್ಟೂಲನ್ನು ಮೂರನೇ ಮಹಡಿಯ ತಿರುವಿನಲ್ಲಿ ಕಿಂಡಿಯ ಕೆಳಗೆ ಇಡಿಸಿದ್ದೇನೆ. ಓಡಾಡುವ ದಾರಿಯಲ್ಲಿ ಸಾಮಾನು ಇಡಬಾರದು ಎಂದು ಡಾಕ್ಟರು ನನಗೆ ನಿಯಮ ಓದಿ ಹೇಳಿದರು, ನನಗೆ! ಅದನ್ನು ತೆಗೆದರೆ ಸುರಕ್ಷತೆಯ ವರದಿಯಲ್ಲಿ ನಿಮ್ಮ ಹೆಸರೂ ಬರುತ್ತದೆ ಎಂದೆ. ಸುಳ್ಳು. ಸ್ಟೂಲು ಅಲ್ಲೇ ಇದೆ. ಸ್ನಾನಕ್ಕೆ ನಾನು ನಿಂತೇ ಇರುತ್ತೇನೆ, ಗೋಡೆ ಹಿಡಿದು.

ಅದರ ಒಂದು ಕಾಲು ಗಿಡ್ಡ. ಯಾರು ಕುಳಿತರೂ ಟಕ್ಕೆನ್ನುತ್ತದೆ, ಇಲ್ಲಿಗೆ ಕೇಳಿಸುತ್ತದೆ. ಇವತ್ತು ಒಂದು ಗಂಟೆಗೆ ಟಕ್ಕೆಂದಿತು. ಊರುಗೋಲಿಲ್ಲದೆಯೇ ಬಾಗಿಲವರೆಗೆ ಹೋಗಿದ್ದೆ. ಬಂದವನು ಗಡ್ಡದವನು.

ಇವತ್ತೂ ಐವತ್ತು ಹಾಕಿದ್ದೆ, ಗಂಟೆ ಕಳೆದಿದೆ, ಹಾಗೇ ಇದೆ. ಕಂಪನಿಯ ಮೇಲಿನ ಸಿಟ್ಟೂ ಹಾಗೇ ಇದೆ, ಒಂದು ಗುಲಗಂಜಿ ತೂಕ ಇಳಿದಿಲ್ಲ. ಎರಡೂ ಒಂದೇ ಮನೆಯಲ್ಲಿ ಇರಬಹುದೆಂದು ಯಾರಾದರೂ ಮೊದಲೇ ಹೇಳಿದ್ದರೆ ಅವರ ಜೊತೆಯೂ ಜಗಳವಾಡುತ್ತಿದ್ದೆ. ರಿಜಿಸ್ಟರ್ಡ್ ಕಾಗದಕ್ಕೆ ಉತ್ತರ ಬಂದಿಲ್ಲ. ‘ಅಕ್ಕನ ಐಡಿ ಇನ್ನೂ ಬಿಟ್ಟಿಲ್ಲ ಸಾರ್’ ಎಂದ ಅವನು, ಕಸದ ಚೀಲ ಎತ್ತಿಕೊಳ್ಳುತ್ತ. ನಾಳೆ ಇನ್ನೊಂದು ಬರೆಯುತ್ತೇನೆ. ನಾಡಿದ್ದು ಇನ್ನೊಂದು. ಮುಂದಿನ ವಾರ ಪ್ಲಾಸ್ಟರು ಬಿಚ್ಚುತ್ತಾರೆ. ಆಮೇಲೆ ಸಿಟ್ಟಿಗೂ ಮೆಟ್ಟಿಲು ಇಳಿಯಲು ಬರುತ್ತದೆ, ಕಂಪನಿಯ ಕಚೇರಿ ಎಲ್ಲಿದೆಯೋ ಅಲ್ಲಿಯವರೆಗೆ ನಡೆಸಿಕೊಂಡು ಹೋಗುತ್ತೇನೆ.

ಒಂದು ಮಾತ್ರ ಕುಳಿತಲ್ಲಿ ನಿಂತಲ್ಲಿ ಕಾಡುತ್ತದೆ. ಜಾಸ್ತಿ ಆಯ್ತು, ಕಮ್ಮಿ ಆಯ್ತು ಎಂದಿರಿ, ಕನ್ನಡಕ ಮೇಲೇರಿಸಿಕೊಂಡು ಇಳಿದುಹೋದಿರಿ. ಊಟಕ್ಕೆ ಎಷ್ಟು ಎನ್ನುವುದು ಹೇಗೋ ಕಲಿಯುತ್ತಿದ್ದೇನೆ. ಲಿಫ್ಟಿಗೆ ಎಷ್ಟು ತಾಯಿ?